ತೈವಾನ್ ಯಾರದ್ದು? ಜಗಳದ ಬೇರು 1895ರ ಒಂದು ಒಪ್ಪಂದದಲ್ಲಿದೆ

2025ರ ನವೆಂಬರ್ 7ರಂದು ಜಪಾನಿನ ಸಂಸತ್ತಿನಲ್ಲಿ ಒಂದು ಪ್ರಶ್ನೆ ಬಂತು. ತೈವಾನಿನ ಮೇಲೆ ಚೀನಾ ಬಲಪ್ರಯೋಗ ಮಾಡಿದರೆ ಜಪಾನ್ ಏನು ಮಾಡುತ್ತದೆ? ಸನೇ ತಕೈಚಿ ಪ್ರಧಾನಿಯಾಗಿ ಆಗ ಮೂರು ವಾರವೂ ಆಗಿರಲಿಲ್ಲ. ಯುದ್ಧನೌಕೆಗಳನ್ನು ಬಳಸಿ ಬಲಪ್ರಯೋಗ ನಡೆದರೆ ಅದು ಜಪಾನಿನ ಅಸ್ತಿತ್ವಕ್ಕೇ ಅಪಾಯ ತರುವ ಪರಿಸ್ಥಿತಿ ಆಗಬಹುದು ಎಂದು ಅವರು ಉತ್ತರಿಸಿದರು. ಇದು ಸುಮ್ನೆ ಆಡಿದ ಮಾತಲ್ಲ. 2015ರ ಭದ್ರತಾ ಕಾನೂನಿನಲ್ಲಿ ಇರುವ ಪದ ಇದು. ಅಂಥ ಪರಿಸ್ಥಿತಿ ಬಂದಿದೆ ಎಂದು ಸರ್ಕಾರ ತೀರ್ಮಾನಿಸಿದರೆ, ತನ್ನ ಮೇಲೆ ನೇರ ದಾಳಿ ನಡೆಯದಿದ್ದರೂ ಜಪಾನ್ ಸೇನೆಯನ್ನು ಕಳಿಸಬಹುದು.

ಮಾತನ್ನು ವಾಪಸ್ ತೆಗೆದುಕೊಳ್ಳಿ ಎಂದು ಚೀನಾ ಪಟ್ಟುಹಿಡಿಯಿತು. ಜಪಾನಿಗೆ ಪ್ರವಾಸ ಹೋಗಬೇಡಿ ಎಂದು ತನ್ನ ಜನರಿಗೆ ಹೇಳಿತು. ಜಪಾನಿನ ಮೀನು, ಸೀಗಡಿಗಳ ಆಮದು ನಿಂತಿತು. ವಿಶ್ವಸಂಸ್ಥೆಗೂ ಪತ್ರ ಹೋಯಿತು. ತಕೈಚಿ ಮಾತು ಹಿಂತೆಗೆದುಕೊಳ್ಳಲಿಲ್ಲ.

ಇಲ್ಲಿಯವರೆಗೆ ಅರ್ಥವಾಗುತ್ತದೆ. ಗೊಂದಲ ಶುರುವಾದದ್ದು ಆಮೇಲೆ. ಚೀನಾ 1943ರ ಕೈರೋ ಘೋಷಣೆ ಮತ್ತು 1945ರ ಪಾಟ್ಸ್‌ಡ್ಯಾಮ್ ಘೋಷಣೆಗಳನ್ನು ಮುಂದಿಟ್ಟಿತು. ತಕೈಚಿ 1951ರ ಸ್ಯಾನ್ ಫ್ರಾನ್ಸಿಸ್ಕೋ ಒಪ್ಪಂದದ ಹೆಸರು ಹೇಳಿದರು. ಆ ಒಪ್ಪಂದವೇ ಕಾನೂನುಬಾಹಿರ, ಅದಕ್ಕೆ ಬೆಲೆಯೇ ಇಲ್ಲ ಎಂದಿತು ಚೀನಾ. ಓದುಗರಿಗೆ ತಲೆ ಕೆಡುವುದು ಸಹಜ. ಇವತ್ತಿನ ಕ್ಷಿಪಣಿ, ನೌಕೆಗಳ ಜಗಳದಲ್ಲಿ ಇಷ್ಟು ಹಳೆಯ ಕಾಗದಗಳಿಗೆ ಏನು ಕೆಲಸ?

ಈ ಮೂರೂ ಕಾಗದಗಳು ಇನ್ನೂ ಹಳೆಯ ಒಂದು ಕಾಗದವನ್ನು ರದ್ದು ಮಾಡಲು ನಡೆದ ಪ್ರಯತ್ನಗಳು. 1895ರ ಏಪ್ರಿಲ್ 17ರಂದು ಜಪಾನಿನ ಶಿಮೊನೊಸೆಕಿ ಊರಿನಲ್ಲಿ ಚೀನಾದ ಚಿಂಗ್ ಸಾಮ್ರಾಜ್ಯವೂ ಜಪಾನ್ ಸಾಮ್ರಾಜ್ಯವೂ ಸಹಿ ಹಾಕಿದ ಒಪ್ಪಂದ ಅದು. ಅದನ್ನು ರದ್ದು ಮಾಡುವ ಕೆಲಸ ಅರ್ಧಕ್ಕೇ ನಿಂತಿದೆ. ಇವತ್ತಿನ ಜಗಳ ಆ ಉಳಿದ ಅರ್ಧದ ಮೇಲೆ ನಡೆಯುತ್ತಿದೆ.

ಕೊರಿಯಾಕ್ಕಾಗಿ ಶುರುವಾದ ಯುದ್ಧ

ವಿಚಿತ್ರ ಅಂದರೆ ಆ ಯುದ್ಧ ಶುರುವಾದದ್ದು ತೈವಾನಿಗಾಗಿ ಅಲ್ಲ, ಕೊರಿಯಾಕ್ಕಾಗಿ. ಕೊರಿಯಾದ ಚೊಸೊನ್ ರಾಜರು ಶತಮಾನಗಳಿಂದ ಚೀನಾದ ಚಕ್ರವರ್ತಿಗೆ ಕಪ್ಪ ಒಪ್ಪಿಸುತ್ತಿದ್ದರು. ದೇಶದೊಳಗಿನ ಆಡಳಿತ ಅವರದೇ, ಆದರೆ ದೊಡ್ಡಣ್ಣ ಚೀನಾ. 1868ರ ನಂತರ ಜಪಾನ್ ಹೊಸ ಸೇನೆ, ಹೊಸ ಕಾರ್ಖಾನೆ ಕಟ್ಟಿಕೊಂಡು ಎದ್ದಿತು. ಕೊರಿಯಾ ಬೇರೆ ಯಾರದೇ ಕೈಗೆ ಹೋದರೂ ತನ್ನ ಎದೆಗೆ ಹಿಡಿದ ಕತ್ತಿ ಎಂದು ಅದು ಭಾವಿಸಿತು. 1876ರಲ್ಲಿ ಬಲವಂತದ ಒಪ್ಪಂದ ಮಾಡಿಸಿಕೊಂಡು ಕೊರಿಯಾದ ಬಂದರುಗಳನ್ನು ತೆರೆಸಿತು.

1884ರಲ್ಲಿ ಕೊರಿಯಾದ ರಾಜಧಾನಿಯಲ್ಲಿ ಎರಡೂ ದೇಶಗಳ ಸೈನಿಕರು ಹೊಡೆದಾಡಿದರು. ಮರುವರ್ಷ ಉತ್ತರ ಚೀನಾದ ಪ್ರಾಂತ್ಯಾಧಿಕಾರಿ ಲಿ ಹಾಂಗ್‌ಜಾಂಗ್ ಮತ್ತು ಜಪಾನಿನ ನಾಯಕ ಇತೊ ಹಿರೊಬುಮಿ ತಿಯಾನ್‌ಜಿನ್‌ನಲ್ಲಿ ಕೂತು ಒಂದು ಒಪ್ಪಂದಕ್ಕೆ ಬಂದರು. ಇಬ್ಬರೂ ಸೇನೆ ವಾಪಸ್ ಕರೆಸಿಕೊಳ್ಳುವುದು. ಮುಂದೆ ಕಳಿಸುವುದಿದ್ದರೆ ಮೊದಲೇ ತಿಳಿಸುವುದು. ಶಾಂತಿಗಾಗಿ ಮಾಡಿದ ಈ ಏರ್ಪಾಟೇ ಒಂಬತ್ತು ವರ್ಷದ ನಂತರ ಯುದ್ಧಕ್ಕೆ ದಾರಿ ಮಾಡಿತು. 1894ರಲ್ಲಿ ಟೊಂಗ್‌ಹಾಕ್ ಎಂಬ ರೈತ ದಂಗೆ ಎದ್ದಿತು. ಕೊರಿಯಾದ ರಾಜ ಚೀನಾದ ಸಹಾಯ ಕೇಳಿದ. ಚೀನಾ ಸೇನೆ ಕಳಿಸಿತು, ಒಪ್ಪಂದದ ಪ್ರಕಾರ ಜಪಾನಿಗೆ ತಿಳಿಸಿತು. ಹಾಗಾದರೆ ನಾವೂ ಕಳಿಸುತ್ತೇವೆ ಎಂದು ಜಪಾನ್ ಅದಕ್ಕಿಂತ ಜಾಸ್ತಿ ಸೈನಿಕರನ್ನು ಇಳಿಸಿತು. ದಂಗೆ ತಣ್ಣಗಾದರೂ ಜಪಾನಿನ ಸೇನೆ ಹೋಗಲಿಲ್ಲ. ಜುಲೈ 23ರಂದು ಅದು ಸೋಲ್‌ನ ಅರಮನೆಗೇ ನುಗ್ಗಿತು. ಆಗಸ್ಟ್ 1ಕ್ಕೆ ಯುದ್ಧ ಘೋಷಣೆಯಾಯಿತು.

ಚೀನೀಯರು ಇದನ್ನು 'ಜಿಯಾವು' ಯುದ್ಧ ಎನ್ನುತ್ತಾರೆ. ನಮ್ಮ ಸಂವತ್ಸರಗಳ ಹಾಗೆ ಅವರಲ್ಲೂ 60 ವರ್ಷಗಳ ಚಕ್ರವಿದೆ. ಜಿಯಾವು ಅದರಲ್ಲಿ ಒಂದು ವರ್ಷದ ಹೆಸರು. ಅದು 2014ರಲ್ಲಿ ಮತ್ತೆ ಬಂದಾಗ, 120 ವರ್ಷದ ನಂತರವೂ, ಚೀನಾದ ಪತ್ರಿಕೆಗಳಲ್ಲಿ ಸೇನಾಧಿಕಾರಿಗಳು ಸೋಲಿನ ಕಾರಣಗಳನ್ನು ಚರ್ಚಿಸಿದರು. ಆ ಗಾಯ ಅಷ್ಟು ಆಳ.

ದೈತ್ಯ ಸೋತದ್ದು ಹೇಗೆ?

ಚೀನಾ ಗೆಲ್ಲುತ್ತದೆ ಎಂದೇ ಹೊರಗಿನ ಬಹಳ ಜನ ನಂಬಿದ್ದರು. ಉತ್ತರದಲ್ಲಿದ್ದ ಅದರ ಬೇಯಾಂಗ್ ನೌಕಾಪಡೆಯಲ್ಲಿ ಜರ್ಮನಿಯಲ್ಲಿ ಕಟ್ಟಿಸಿದ ಎರಡು ದೊಡ್ಡ ಉಕ್ಕಿನ ನೌಕೆಗಳಿದ್ದವು. ಅಂಥ ನೌಕೆ ಜಪಾನಿನ ಬಳಿ ಇರಲಿಲ್ಲ. ಆದರೆ ಸೆಪ್ಟೆಂಬರ್ 15ಕ್ಕೆ ಕೊರಿಯಾದ ಪ್ಯೊಂಗ್ಯಾಂಗ್ ನಗರ ಜಪಾನಿನ ಕೈಗೆ ಹೋಯಿತು. ಎರಡೇ ದಿನದ ನಂತರ ಯಾಲು ನದಿಯ ಮುಖದ ಬಳಿ, ಒಂದೇ ಮಧ್ಯಾಹ್ನದಲ್ಲಿ ಚೀನಾ ಐದು ನೌಕೆ ಕಳೆದುಕೊಂಡಿತು. ನವೆಂಬರ್‌ನಲ್ಲಿ ಪೋರ್ಟ್ ಆರ್ಥರ್, ಅಂದರೆ ಇಂದಿನ ಲುಶುನ್, ಜಪಾನಿನ ವಶವಾಯಿತು. ಅಲ್ಲಿ ಜಪಾನಿ ಸೈನಿಕರು ನಾಗರಿಕರನ್ನು ಕೊಂದ ಸುದ್ದಿಯನ್ನು ವಿದೇಶಿ ವರದಿಗಾರರು ಜಗತ್ತಿಗೆ ತಿಳಿಸಿದರು. 1895ರ ಫೆಬ್ರವರಿಯಲ್ಲಿ ವೇಹಾಯ್‌ವೇಯಲ್ಲಿ ಉಳಿದ ನೌಕಾಪಡೆ ಶರಣಾಯಿತು. ಅದರ ಮುಖ್ಯಸ್ಥ ಡಿಂಗ್ ರುಚಾಂಗ್ ಆತ್ಮಹತ್ಯೆ ಮಾಡಿಕೊಂಡರು.

ನೌಕಾಪಡೆಗೆ ಮೀಸಲಾಗಿದ್ದ ಹಣವನ್ನು ರಾಜಮಾತೆ ಸಿಶಿಯ ಬೇಸಿಗೆ ಅರಮನೆಗೆ ಸುರಿದದ್ದೇ ಸೋಲಿಗೆ ಕಾರಣ ಎಂಬ ಕಥೆ ಚೀನಾದಲ್ಲಿ ಮನೆಮಾತು. ಒಂದಷ್ಟು ಹಣ ಹಾಗೆ ಹೋದದ್ದು ನಿಜ. ಆದರೆ ಅಷ್ಟನ್ನೇ ಹೇಳಿದರೆ ಮುಖ್ಯ ಕಾರಣ ಮರೆಯಾಗುತ್ತದೆ. ಯುದ್ಧ ಮಾಡಿದ್ದು ಹೆಚ್ಚುಕಡಿಮೆ ಉತ್ತರದ ಲಿ ಹಾಂಗ್‌ಜಾಂಗ್ ಅವರ ಸೇನೆ ಮಾತ್ರ. ದಕ್ಷಿಣದ ನೌಕಾಪಡೆಗಳು ಬಹುಪಾಲು ದೂರವೇ ಉಳಿದವು. ಜಪಾನ್ ಒಂದು ದೇಶವಾಗಿ ಹೋರಾಡಿತು. ಚೀನಾದ ಪರವಾಗಿ ಹೋರಾಡಿದ್ದು ಒಬ್ಬ ಪ್ರಾಂತ್ಯಾಧಿಕಾರಿಯ ಪಡೆ. ಇಂದಿನ ಚೀನಾ ಒಗ್ಗಟ್ಟಿನ ಬಗ್ಗೆ, ನೌಕಾಬಲದ ಬಗ್ಗೆ ಅಷ್ಟು ಹಟ ಹಿಡಿಯುವುದರ ಹಿಂದೆ ಈ ಪಾಠವಿದೆ.

ಶಿಮೊನೊಸೆಕಿಯಲ್ಲಿ ಬರೆದದ್ದು

ಮಾತುಕತೆಗೆ ಬಂದವರು ಹಳೆಯ ಪರಿಚಿತರೇ. ಚೀನಾದ ಕಡೆಯಿಂದ 70 ದಾಟಿದ ಲಿ ಹಾಂಗ್‌ಜಾಂಗ್, ಜಪಾನಿನ ಕಡೆಯಿಂದ ಪ್ರಧಾನಿಯಾಗಿದ್ದ ಇತೊ. ನಡೆದದ್ದು ಶುನ್‌ಪನ್ರೋ ಎಂಬ ಊಟದ ಮನೆಯಲ್ಲಿ. ಮಾರ್ಚ್ 24ರಂದು ಒಬ್ಬ ಜಪಾನಿ ಯುವಕ ಲಿ ಅವರ ಮುಖಕ್ಕೆ ಗುಂಡು ಹಾರಿಸಿದ. ಅವರು ಬದುಕಿಕೊಂಡರು. ಜಗತ್ತಿನ ಮುಂದೆ ಮುಜುಗರಕ್ಕೊಳಗಾದ ಜಪಾನ್ ಕದನ ವಿರಾಮಕ್ಕೆ ಒಪ್ಪಿತು. ಆದರೆ ಆ ವಿರಾಮ ತೈವಾನ್ ಮತ್ತು ಅದರ ಪಕ್ಕದ ಪೆಂಘು ದ್ವೀಪಗಳಿಗೆ ಅನ್ವಯಿಸಲಿಲ್ಲ. ಪೆಂಘು ಆಗಷ್ಟೇ ಜಪಾನಿನ ಕೈಗೆ ಬಂದಿತ್ತು. ತೈವಾನಿನ ನೆಲಕ್ಕೆ ಈ ಯುದ್ಧದಲ್ಲಿ ಜಪಾನಿನ ಸೈನಿಕ ಕಾಲಿಟ್ಟೇ ಇರಲಿಲ್ಲ. ಆದರೂ ಜಪಾನ್ ಅದನ್ನು ಕೇಳಿತು, ಪಡೆಯಿತು.

ಒಪ್ಪಂದದ ಮೊದಲ ವಿಧಿ, ಕೊರಿಯಾ ಪೂರ್ತಿ ಸ್ವತಂತ್ರ ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಅದರ ನಿಜವಾದ ಅರ್ಥ, ಕೊರಿಯಾದ ಮೇಲೆ ಚೀನಾಕ್ಕೆ ಇನ್ನು ಹಕ್ಕಿಲ್ಲ. ಚೀನಾದ ರಾಯಭಾರಿಗಳನ್ನು ಬರಮಾಡಿಕೊಳ್ಳುತ್ತಿದ್ದ ಸೋಲ್‌ನ ಹಳೆಯ ಕಮಾನಿನ ಜಾಗದಲ್ಲಿ ಕೊರಿಯನ್ನರು ಸ್ವಾತಂತ್ರ್ಯ ದ್ವಾರ ಕಟ್ಟಿದರು. ಅದು ಇವತ್ತಿಗೂ ಇದೆ. ಆದರೆ 1910ರಲ್ಲಿ ಜಪಾನ್ ಕೊರಿಯಾವನ್ನೇ ನುಂಗಿತು.

ಉಳಿದ ವಿಧಿಗಳಲ್ಲಿ ತೈವಾನ್, ಪೆಂಘು, ಉತ್ತರದ ಲಿಯಾಓಡಾಂಗ್ ಪರ್ಯಾಯ ದ್ವೀಪ ಜಪಾನಿಗೆ. ಚೀನಾದಲ್ಲಿ ಕಾರ್ಖಾನೆ ಹಾಕುವ ಹಕ್ಕು. ಜೊತೆಗೆ ಯುದ್ಧ ಪರಿಹಾರವಾಗಿ 20 ಕೋಟಿ ತೇಲ್ ಬೆಳ್ಳಿ. ಒಂದು ತೇಲ್ ಅಂದರೆ ಸುಮಾರು 37 ಗ್ರಾಂ. ಒಟ್ಟು 7,400 ಟನ್ ಬೆಳ್ಳಿಗೂ ಜಾಸ್ತಿ.

ಬೆಳ್ಳಿ ಎಲ್ಲಿಗೆ ಹೋಯಿತು?

ಜಪಾನ್ ಸರ್ಕಾರದ ಒಂದು ವರ್ಷದ ಆದಾಯದ ಸುಮಾರು ನಾಲ್ಕು ಪಟ್ಟು ಹಣ ಅದು. ಬಹುಪಾಲು ಸೇನೆ, ನೌಕಾಪಡೆಗೆ ಹೋಯಿತು. ಒಂದು ಪಾಲು 1901ರಲ್ಲಿ ಕೆಲಸ ಶುರುಮಾಡಿದ ಯವಾಟಾ ಉಕ್ಕಿನ ಕಾರ್ಖಾನೆಗೆ ಹೋಯಿತು. ಇದೇ ಹಣದ ಬಲದಿಂದ 1897ರಲ್ಲಿ ಜಪಾನ್ ತನ್ನ ಯೆನ್ ಅನ್ನು ಚಿನ್ನಕ್ಕೆ ಕಟ್ಟಿತು. ಆಮೇಲೆ ಲಂಡನ್ನಿನಲ್ಲಿ ಸಾಲ ಹುಟ್ಟುವುದು ಸುಲಭವಾಯಿತು.

ಚೀನಾ ಆ ಹಣಕ್ಕಾಗಿ ಯುರೋಪಿನ ಬ್ಯಾಂಕುಗಳ ಮುಂದೆ ಕೈಚಾಚಿತು. ಬದಲಿಗೆ ಸುಂಕದ ಆದಾಯ ಅಡವಿಟ್ಟಿತು. 1897–98ರಲ್ಲಿ ಜರ್ಮನಿ, ರಷ್ಯಾ, ಬ್ರಿಟನ್, ಫ್ರಾನ್ಸ್ ಒಂದೊಂದು ಬಂದರು ಕಿತ್ತುಕೊಂಡವು. ಸುಧಾರಣೆಯ ಪ್ರಯತ್ನ ನೂರು ದಿನದಲ್ಲಿ ಮುರಿದುಬಿತ್ತು. ವಿದೇಶಿಯರ ವಿರುದ್ಧ ಬಾಕ್ಸರ್ ದಂಗೆ ಬಂತು. 1911ರಲ್ಲಿ ಕ್ರಾಂತಿಯಾಗಿ ಮರುವರ್ಷ ಸಾಮ್ರಾಜ್ಯವೇ ಹೋಯಿತು. ಆ ಕ್ರಾಂತಿಯ ಮುಂದಾಳು ಸುನ್ ಯಾತ್-ಸೆನ್ ತಮ್ಮ ಮೊದಲ ಸಂಘ ಕಟ್ಟಿದ್ದು 1894ರ ನವೆಂಬರ್‌ನಲ್ಲಿ, ಇದೇ ಯುದ್ಧ ನಡೆಯುತ್ತಿದ್ದಾಗ.

ಕರ್ನಾಟಕದವರು ಒಂದು ವಿಷಯ ಇಲ್ಲಿ ನೆನೆಯಬೇಕು. ಎಂ. ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನ್ ನೋಡಿದ್ದು 1898ರಲ್ಲಿ. ಚೀನಾ ಪರಿಹಾರದ ಕೊನೆಯ ಕಂತು ಕಟ್ಟಿದ್ದೂ ಅದೇ ವರ್ಷ. ಅಲ್ಲಿನ ಶಿಕ್ಷಣ, ಕೈಗಾರಿಕೆ ಕಂಡು ಅವರು ಮೆಚ್ಚಿದರು. ಏಷ್ಯಾದ ದೇಶವೊಂದು ತಾನೇ ಎದ್ದು ನಿಲ್ಲಬಹುದು ಎಂಬ ಭರವಸೆ ಆ ಕಾಲದ ಎಷ್ಟೋ ಭಾರತೀಯರಿಗೆ ಜಪಾನಿನಿಂದ ಬಂತು. ಜಪಾನೀಯರ ದುಡಿಮೆ ದೊಡ್ಡದು, ಅನುಮಾನವಿಲ್ಲ. ಆದರೆ ಆ ಏಳಿಗೆಯಲ್ಲಿ ಚೀನಾದ ಬಡವರು ಕಟ್ಟಿದ ತೆರಿಗೆಯೂ ಸೇರಿತ್ತು. ಇದನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

ಜಪಾನಿಗೂ ಒಂದು ಕಹಿ ಉಳಿಯಿತು. ಸಹಿ ಬಿದ್ದು ಆರೇ ದಿನಕ್ಕೆ ರಷ್ಯಾ, ಜರ್ಮನಿ, ಫ್ರಾನ್ಸ್ ಒಟ್ಟಾಗಿ ಲಿಯಾಓಡಾಂಗ್ ವಾಪಸ್ ಕೊಡಿ ಎಂದು ಒತ್ತಿದವು. ಜಪಾನ್ ಇನ್ನೂ 3 ಕೋಟಿ ತೇಲ್ ಪಡೆದು ಬಿಟ್ಟುಕೊಟ್ಟಿತು. ಮೂರು ವರ್ಷದಲ್ಲಿ ಅದೇ ಜಾಗದ ಬಂದರನ್ನು ರಷ್ಯಾ ಗುತ್ತಿಗೆಗೆ ತೆಗೆದುಕೊಂಡಿತು. 1904ರ ರಷ್ಯಾ–ಜಪಾನ್ ಯುದ್ಧಕ್ಕೆ ಬೀಜ ಬಿದ್ದದ್ದು ಅಲ್ಲೇ.

ಬರೆಯದೆ ಬಿಟ್ಟ ದ್ವೀಪಗಳು

ಸೆಂಕಾಕು ದ್ವೀಪಗಳ ಸುದ್ದಿ ಆಗಾಗ ಬರುತ್ತದೆ ಅಲ್ವಾ? ಚೀನೀಯರು ಅವನ್ನು ದಿಯಾಯು ಎನ್ನುತ್ತಾರೆ. ತೈವಾನಿನ ಈಶಾನ್ಯಕ್ಕಿರುವ, ಜನವಸತಿ ಇಲ್ಲದ ಪುಟ್ಟ ದ್ವೀಪಗಳು. ಅವುಗಳ ಜಗಳವೂ ಅದೇ ಚಳಿಗಾಲದ್ದು. 1895ರ ಜನವರಿ 14ರಂದು, ಯುದ್ಧ ನಡೆಯುತ್ತಿರುವಾಗಲೇ, ಜಪಾನಿನ ಸಚಿವ ಸಂಪುಟ ಈ ದ್ವೀಪಗಳನ್ನು ತನ್ನದಾಗಿಸಿಕೊಳ್ಳುವ ತೀರ್ಮಾನ ಮಾಡಿತು. ಮೂರು ತಿಂಗಳ ನಂತರದ ಶಿಮೊನೊಸೆಕಿ ಒಪ್ಪಂದದಲ್ಲಿ ಅವುಗಳ ಹೆಸರಿಲ್ಲ.

ಯಾರಿಗೂ ಸೇರದ ನೆಲವನ್ನು ಪರಿಶೀಲಿಸಿ ಸೇರಿಸಿಕೊಂಡೆವು, ಇದಕ್ಕೂ ಯುದ್ಧಕ್ಕೂ ಸಂಬಂಧವಿಲ್ಲ ಎಂಬುದು ಜಪಾನಿನ ವಾದ. ಅವು ತೈವಾನಿಗೆ ಸೇರಿದ್ದವು, ಗೆಲುವು ಖಚಿತವಾದ ಧೈರ್ಯದಲ್ಲಿ ಕದ್ದದ್ದು, ಆದ್ದರಿಂದ ತೈವಾನಿನ ಜೊತೆಗೇ ವಾಪಸ್ ಬರಬೇಕು ಎಂಬುದು ಚೀನಾದ ವಾದ. ತೈವಾನ್ ಸರ್ಕಾರವೂ ಅವು ತನ್ನವು ಎನ್ನುತ್ತದೆ. ಚೀನಾ ದಶಕಗಳ ಕಾಲ ಸುಮ್ಮನಿತ್ತು, 1960ರ ದಶಕದ ಕೊನೆಯಲ್ಲಿ ಸಮುದ್ರದಡಿ ತೈಲ ಇರಬಹುದು ಎಂಬ ಸಮೀಕ್ಷೆ ಬಂದ ಮೇಲೆ ದನಿ ಎತ್ತಿತು ಎಂದು ಜಪಾನ್ ತಿರುಗೇಟು ಕೊಡುತ್ತದೆ. ಆ ಮಾತಿನಲ್ಲಿ ತೂಕವಿದೆ. ಹಾಗೆಯೇ ಯುದ್ಧದ ನಡುವೆ ಮಾಡಿದ ತೀರ್ಮಾನಕ್ಕೆ ಯುದ್ಧದ ನೆರಳೇ ಇಲ್ಲ ಎಂದರೆ ನಂಬುವುದು ಕಷ್ಟ.

ಖಾತೆ ಯಾರ ಹೆಸರಿಗೆ?

ಈಗ ಸುದ್ದಿಯಲ್ಲಿರುವ ಕಾಗದಗಳಿಗೆ ಬರೋಣ. 1943ರ ಕೈರೋ ಘೋಷಣೆಯಲ್ಲಿ ಅಮೆರಿಕ, ಬ್ರಿಟನ್ ಮತ್ತು ಸಾಮ್ರಾಜ್ಯ ಹೋದ ಮೇಲೆ ಬಂದ ಚೀನಾ ಗಣರಾಜ್ಯ, ಜಪಾನ್ ಚೀನೀಯರಿಂದ ಕದ್ದ ತೈವಾನ್ ಮೊದಲಾದ ಪ್ರದೇಶಗಳು ಚೀನಾ ಗಣರಾಜ್ಯಕ್ಕೆ ಮರಳಬೇಕು ಎಂದವು. 1945ರ ಪಾಟ್ಸ್‌ಡ್ಯಾಮ್ ಘೋಷಣೆ, ಕೈರೋದ ಷರತ್ತುಗಳು ಜಾರಿಯಾಗಲಿವೆ ಎಂದಿತು. ಜಪಾನ್ ಅದನ್ನು ಒಪ್ಪಿ ಶರಣಾಯಿತು. ಅಕ್ಟೋಬರ್ 25ರಂದು ಚೀನಾ ಗಣರಾಜ್ಯದ ಅಧಿಕಾರಿಗಳು ತೈವಾನಿನ ರಾಜಧಾನಿ ತೈಪೆಯಲ್ಲಿ ಆಡಳಿತ ವಹಿಸಿಕೊಂಡರು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಚೀನಾದೊಳಗೇ ಯುದ್ಧವಾಯಿತು. 1949ರಲ್ಲಿ ಕಮ್ಯುನಿಸ್ಟರು ಬೀಜಿಂಗ್‌ನಲ್ಲಿ ಹೊಸ ಸರ್ಕಾರ ಸ್ಥಾಪಿಸಿದರು. ಸೋತ ಚಿಯಾಂಗ್ ಕೈ-ಶೇಕ್ ಅವರ ಚೀನಾ ಗಣರಾಜ್ಯ ಸರ್ಕಾರ ತೈವಾನಿಗೆ ಹೋಯಿತು. 'ಚೀನಾ' ಎಂದರೆ ಯಾರು ಎಂಬುದೇ ಪ್ರಶ್ನೆಯಾಯಿತು. ಬ್ರಿಟನ್ ಬೀಜಿಂಗ್ ಅನ್ನು ಮಾನ್ಯ ಮಾಡಿತು, ಅಮೆರಿಕ ತೈಪೆಯನ್ನು. 1950ರಲ್ಲಿ ಕೊರಿಯಾ ಯುದ್ಧವೂ ಹೊತ್ತಿಕೊಂಡಿತು. ಹಾಗಾಗಿ 1951ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಪಾನಿನ ಜೊತೆ ಶಾಂತಿ ಒಪ್ಪಂದವಾದಾಗ ಇಬ್ಬರಲ್ಲಿ ಯಾರನ್ನೂ ಕರೆಯಲಿಲ್ಲ. ಭಾರತಕ್ಕೆ ಕರೆ ಇತ್ತು, ಆದರೆ ಹೋಗಲಿಲ್ಲ. ನೆಹರೂ ಸರ್ಕಾರಕ್ಕಿದ್ದ ಆಕ್ಷೇಪಗಳಲ್ಲಿ ತೈವಾನನ್ನು ಚೀನಾಕ್ಕೆ ಸ್ಪಷ್ಟವಾಗಿ ಮರಳಿಸುತ್ತಿಲ್ಲ ಎಂಬುದೂ ಒಂದು. 1952ರಲ್ಲಿ ಭಾರತ ಜಪಾನಿನ ಜೊತೆ ಬೇರೆಯೇ ಒಪ್ಪಂದ ಮಾಡಿಕೊಂಡಿತು.

ಸ್ಯಾನ್ ಫ್ರಾನ್ಸಿಸ್ಕೋ ಒಪ್ಪಂದದಲ್ಲಿ ಜಪಾನ್ ತೈವಾನ್ ಮತ್ತು ಪೆಂಘು ಮೇಲಿನ ಎಲ್ಲ ಹಕ್ಕನ್ನೂ ತ್ಯಜಿಸಿತು. ಯಾರಿಗೆ? ಅದನ್ನು ಬರೆಯಲೇ ಇಲ್ಲ. ನಮ್ಮ ಜಮೀನಿನ ಭಾಷೆಯಲ್ಲಿ ಹೇಳುವುದಾದರೆ, ಹಕ್ಕು ಬಿಡುಗಡೆ ಪತ್ರ ಆಯಿತು, ಖಾತೆ ಯಾರ ಹೆಸರಿಗೂ ಆಗಲಿಲ್ಲ. ಅಂಥ ಜಮೀನಿಗೆ ಏನಾಗುತ್ತದೆ ಎಂದು ನಮ್ಮ ಯಾವ ಹಳ್ಳಿಯವರನ್ನು ಕೇಳಿದರೂ ಹೇಳುತ್ತಾರೆ.

1972ರಲ್ಲಿ ಜಪಾನ್ ಬೀಜಿಂಗ್ ಸರ್ಕಾರವನ್ನು ಮಾನ್ಯ ಮಾಡಿತು. ತೈವಾನ್ ತನ್ನ ಅವಿಭಾಜ್ಯ ಭಾಗ ಎಂಬ ಚೀನಾದ ನಿಲುವನ್ನು ಪೂರ್ತಿ ಅರ್ಥ ಮಾಡಿಕೊಂಡು ಗೌರವಿಸುವುದಾಗಿ ಹೇಳಿತು. ಒಪ್ಪುತ್ತೇನೆ ಎನ್ನಲಿಲ್ಲ. ಆ ಪದವನ್ನು ಅಳೆದು ತೂಗಿಯೇ ಆರಿಸಿದ್ದು.

ಮೂರು ನಿಲುವು

ಈಗ ಜಗಳ ಬಿಡಿಸಿ ನೋಡಬಹುದು. ಬೀಜಿಂಗ್‌ನ ಪ್ರಕಾರ 1895ರ ಕಳ್ಳತನ 1945ಕ್ಕೇ ಸರಿಯಾಗಿದೆ, ತೈವಾನ್ ಮರಳಿದೆ. ಆಮೇಲೆ ಉಳಿದಿರುವುದು ಮನೆಯೊಳಗಿನ ವಿಷಯ. ತಾನಿಲ್ಲದೆ ಬರೆದ 1951ರ ಕಾಗದ ಲೆಕ್ಕಕ್ಕಿಲ್ಲ. 2025ರ ಅಕ್ಟೋಬರ್‌ನಲ್ಲಿ ಚೀನಾ ಅಕ್ಟೋಬರ್ 25ನ್ನು ತೈವಾನ್ ಮರಳಿದ ದಿನವೆಂದು ಅಧಿಕೃತವಾಗಿ ಘೋಷಿಸಿದ್ದೂ ಇದಕ್ಕೇ.

ಟೋಕಿಯೋದ ಪ್ರಕಾರ, ನಾವು ಹಕ್ಕು ಬಿಟ್ಟಿದ್ದೇವೆ. ಬಿಟ್ಟ ಆಸ್ತಿ ಯಾರದ್ದು ಎಂದು ಹೇಳುವ ಸ್ಥಾನದಲ್ಲಿ ನಾವಿಲ್ಲ. ವಿನಯದ ಮಾತಿನಂತೆ ಕಾಣುವ ಈ ಉತ್ತರವೇ ಬೀಜಿಂಗ್ ಅನ್ನು ಕೆರಳಿಸುತ್ತದೆ. ಏಕೆಂದರೆ ಯಾರದ್ದು ಎಂದು ತೀರ್ಮಾನವಾಗಿಲ್ಲ ಎಂದರೆ, ತೈವಾನ್ ಮೇಲಿನ ದಾಳಿ ಚೀನಾದ ಒಳಗಿನ ವಿಷಯ ಆಗುವುದಿಲ್ಲ. ಆಗ ಹೊರಗಿನವರು ಬರಬಹುದು.

ತೈಪೆಯ ಇಂದಿನ ಸರ್ಕಾರ ಹೇಳುವುದು ಬೇರೆ. ಕೈರೋದಲ್ಲಿ ಹೆಸರಿಸಿದ್ದು ಚೀನಾ ಗಣರಾಜ್ಯವನ್ನು. 1949ರಲ್ಲಿ ಹುಟ್ಟಿದ ಬೀಜಿಂಗ್ ಸರ್ಕಾರ ತೈವಾನನ್ನು ಒಂದು ದಿನವೂ ಆಳಿಲ್ಲ. ಈ ಕೊನೆಯ ಮಾತು ಯಾರೂ ಅಲ್ಲಗಳೆಯಲಾಗದ ಸಂಗತಿ.

ಮುಂದೇನು?

ಪೂರ್ಣ ಯುದ್ಧಕ್ಕಿಂತ ಮೊದಲು ಆಗುವುದು ಸಣ್ಣ ಸಣ್ಣ ಒತ್ತಡಗಳು. ಮೀನಿನ ಆಮದು ನಿಲ್ಲುತ್ತದೆ, ಪ್ರವಾಸಿಗರು ಕಡಿಮೆಯಾಗುತ್ತಾರೆ, ಸೆಂಕಾಕು ಸುತ್ತ ಚೀನಾದ ಕರಾವಳಿ ಪಡೆಯ ಹಡಗುಗಳು ಹೆಚ್ಚು ಹೊತ್ತು ನಿಲ್ಲುತ್ತವೆ. ಜಪಾನಿನ ಯೊನಗುನಿ ದ್ವೀಪ ತೈವಾನಿನಿಂದ ಸುಮಾರು 110 ಕಿಲೋಮೀಟರ್ ಮಾತ್ರ. ಬೆಂಗಳೂರಿನಿಂದ ಮೈಸೂರಿಗಿಂತ ಹತ್ತಿರ. ಅಲ್ಲಿ ಜಪಾನ್ ಸೇನೆ ಬಲಪಡಿಸಿದಷ್ಟೂ, 1895 ಮತ್ತೆ ಬರುತ್ತಿದೆ ಎಂಬ ಮಾತು ಚೀನಾದೊಳಗೆ ಜೋರಾಗುತ್ತದೆ. ಆ ಮಾತು ಜೋರಾದಷ್ಟೂ ಜಪಾನ್ ಇನ್ನಷ್ಟು ಬಲಪಡಿಸುತ್ತದೆ. 1885ರ ತಿಯಾನ್‌ಜಿನ್ ಒಪ್ಪಂದದ ನಂತರ ಕೊರಿಯಾದಲ್ಲಿ ಆದದ್ದೂ ಇದೇ ಬಗೆ. ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ. ಅದಕ್ಕೇ ಈ ಜಗಳವನ್ನು ಬರೀ ಬಾಯಿಮಾತು ಎಂದು ತಳ್ಳಿಹಾಕುವುದು ತಪ್ಪು.

ನಮಗೂ ಇದು ದೂರದ್ದಲ್ಲ. ಜಗತ್ತಿನ ಅತಿ ಸೂಕ್ಷ್ಮ ಚಿಪ್‌ಗಳಲ್ಲಿ ಬಹುಪಾಲು ತೈವಾನಿನಲ್ಲಿ ತಯಾರಾಗುತ್ತವೆ. ದೇವನಹಳ್ಳಿ ಬಳಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ತೈವಾನಿನ ಕಂಪನಿ. ಬಿಡದಿಯ ಟೊಯೋಟಾ ಜಪಾನಿನದು. ಆ ಕಡಲಲ್ಲಿ ಹಡಗು ನಿಂತರೆ ಇಲ್ಲಿ ಪಾಳಿ ನಿಲ್ಲುತ್ತದೆ.

ಕೇಳದೇ ಉಳಿದವರು

ಇಷ್ಟೆಲ್ಲ ಕಾಗದಗಳಲ್ಲಿ ಒಂದರಲ್ಲೂ ತೈವಾನಿನ ಜನರ ಸಹಿ ಇಲ್ಲ. 1895ರ ಜೂನ್ 2ರಂದು ದ್ವೀಪದ ಹಸ್ತಾಂತರ ನಡೆದದ್ದು ಕೀಲುಂಗ್ ಬಳಿ ಸಮುದ್ರದಲ್ಲಿ, ಜಪಾನಿನ ಹಡಗಿನ ಮೇಲೆ. ಚೀನಾದ ಪ್ರತಿನಿಧಿ, ಲಿ ಅವರ ದತ್ತುಪುತ್ರ, ಜನರ ಸಿಟ್ಟಿಗೆ ಹೆದರಿ ದಡಕ್ಕೆ ಇಳಿಯಲೇ ಇಲ್ಲ. ದಡದಲ್ಲಿ ಅಷ್ಟರಲ್ಲಿ ಜನ ತಮ್ಮದೇ ಗಣರಾಜ್ಯ ಘೋಷಿಸಿಕೊಂಡಿದ್ದರು. ಐದು ತಿಂಗಳ ಹೋರಾಟದ ನಂತರ ಅದು ಮುಗಿಯಿತು. ಊರು ಬಿಡುವುದಿದ್ದರೆ ಎರಡು ವರ್ಷದಲ್ಲಿ ಬಿಡಿ ಎಂದು ಒಪ್ಪಂದ ಹೇಳಿತ್ತು. ಬಿಟ್ಟವರು ಕೆಲವರು ಮಾತ್ರ. ಉಳಿದವರು ಜಪಾನಿನ ಪ್ರಜೆಗಳಾದರು.

ಐವತ್ತು ವರ್ಷ ಜಪಾನ್ ಆಳಿತು. ರೈಲು, ಕಾಲುವೆ, ಶಾಲೆ ಬಂದವು. ದಂಗೆಯೆದ್ದ ಮೂಲನಿವಾಸಿಗಳನ್ನು 1930ರಲ್ಲಿ ವುಶೆ ಎಂಬಲ್ಲಿ ಕ್ರೂರವಾಗಿ ಹತ್ತಿಕ್ಕಿದ್ದೂ ಆಯಿತು. 1945ರಲ್ಲಿ ಬಂದ ಚೀನಾದ ಅಧಿಕಾರಿಗಳ ವಿರುದ್ಧ 1947ರ ಫೆಬ್ರವರಿ 28ರಂದು ಜನ ಎದ್ದಾಗ ಸಾವಿರಾರು ಮಂದಿ ಸತ್ತರು. 1949ರಿಂದ 1987ರವರೆಗೆ ಸೇನಾಡಳಿತದ ಕಾನೂನು. ಮೊದಲ ಸಲ ಜನ ನೇರವಾಗಿ ಅಧ್ಯಕ್ಷರನ್ನು ಆರಿಸಿದ್ದು 1996ರಲ್ಲಿ. ಇವತ್ತು ಅಲ್ಲಿ ಸಮೀಕ್ಷೆ ಮಾಡಿದರೆ ಹೆಚ್ಚಿನವರು ಹೇಳುವುದು, ಈಗ ಇರುವ ಹಾಗೇ ಇರಲಿ ಎಂದು.

ತೈಪೆಯ ನಡುವೆ ಎತ್ತರದ ಗೋಪುರವಿರುವ ಕೆಂಪು ಇಟ್ಟಿಗೆಯ ಕಟ್ಟಡವೊಂದಿದೆ. ಜಪಾನಿನ ಗವರ್ನರ್ ಜನರಲ್‌ಗಾಗಿ 1919ರಲ್ಲಿ ಕಟ್ಟಿ ಮುಗಿಸಿದ್ದು. ಜನ ಮತ ಹಾಕಿ ಆರಿಸಿದ ಅಧ್ಯಕ್ಷರ ಕಚೇರಿ ಈಗ ಅದೇ ಕಟ್ಟಡದಲ್ಲಿದೆ.